ಪ್ಯಾನೆಲ್‌ನಲ್ಲಿ ಬ್ರೇಕರ್ ಇದ್ದರೂ ಎಸಿಯ ಹೊರಘಟಕದ ಪಕ್ಕ ಇನ್ನೊಂದು ಡಿಸ್‌ಕನೆಕ್ಟ್ ಸ್ವಿಚ್ ಯಾಕೆ?
ರಿಪೇರಿ ಮಾಡುವವರಿಗೆ ಶಾಕ್ ಹೊಡೆಯದಿರಲಿ ಅಂತ. ಬ್ರೇಕರ್ ಮನೆಯೊಳಗಿದ್ದರೆ, ಇಲ್ಲಿ ಕೈ ಯಂತ್ರದೊಳಗಿರುವಾಗಲೇ ಅಲ್ಲಿ ಯಾರೋ ಗೊತ್ತಿಲ್ಲದೆ ಆನ್ ಮಾಡಿಬಿಡಬಹುದು. ಅದಕ್ಕೇ ಅಮೆರಿಕದ ಎನ್‌ಇಸಿ ವಿದ್ಯುತ್ ನಿಯಮದ ಪ್ರಕಾರ ಡಿಸ್‌ಕನೆಕ್ಟ್ ಯಂತ್ರದ ಬಳಿಯಿಂದ ಕಾಣುವಂತೆ, 50 ಅಡಿಯೊಳಗೆ, ಸುಲಭವಾಗಿ ಕೈಗೆಟುಕುವಂತೆ ಇರಬೇಕು.

ಥರ್ಮೋಸ್ಟಾಟ್ ಆಫ್ ಮಾಡಿದರೆ ಸಾಲದೇ ಅಂದರೆ, ಖಂಡಿತ ಸಾಲದು. ಅದು ಕಾಂಟ್ಯಾಕ್ಟರ್‌ಗೆ, ಅಂದರೆ ಕಂಪ್ರೆಸರ್‌ಗೆ ಕರೆಂಟ್ ಬಿಡುವ ದೊಡ್ಡ ರಿಲೇಗೆ, ಹೋಗುವ 24 ವೋಲ್ಟ್ ಸಿಗ್ನಲ್ಲನ್ನಷ್ಟೇ ನಿಲ್ಲಿಸುತ್ತದೆ. ಅಮೆರಿಕದ 240 ವೋಲ್ಟ್ ಲೈನಿನ ಎರಡೂ ತಂತಿ ಫೇಸೇ, ಅಂದರೆ ಎರಡರಲ್ಲೂ ಕರೆಂಟ್ ಇರುತ್ತದೆ. ಮನೆ ಎಸಿಗಳಲ್ಲಿ ಸಾಮಾನ್ಯವಾದ ಸಿಂಗಲ್ ಪೋಲ್ ಕಾಂಟ್ಯಾಕ್ಟರ್ ಅದರಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಇನ್ನೊಂದರಿಂದಾಗಿ, ಸುಮ್ಮನೆ ನಿಂತಿರುವ ಕಂಪ್ರೆಸರ್ ಟರ್ಮಿನಲ್ಲಿನಲ್ಲೂ ನೆಲಕ್ಕೆ ಹೋಲಿಸಿದರೆ 120 ವೋಲ್ಟ್ ಇರುತ್ತದೆ. ಡಿಸ್‌ಕನೆಕ್ಟ್ ಎರಡನ್ನೂ ಕಡಿಯುತ್ತದೆ.

ಸರ್ವಿಸ್‌ಗೆ ಬಿಚ್ಚುವ ಮುಚ್ಚಳದ ಮೇಲಾಗಲಿ, ನೇಮ್‌ಪ್ಲೇಟ್ (ಯಂತ್ರದ ವಿವರ ಬರೆದ ಫಲಕ) ಮರೆಯಾಗುವಂತಾಗಲಿ ಡಿಸ್‌ಕನೆಕ್ಟ್ ಸ್ವಿಚ್ಚನ್ನು ಕೂರಿಸಬಾರದು. ಅದರಲ್ಲಿ ಫ್ಯೂಸ್ ಕಡ್ಡಾಯವೇನಲ್ಲ. ನೇಮ್‌ಪ್ಲೇಟ್ ಫ್ಯೂಸೇ ಬೇಕು ಎನ್ನದಿದ್ದರೆ, ಪ್ಯಾನೆಲ್‌ನ ಬ್ರೇಕರ್ ನೇಮ್‌ಪ್ಲೇಟಿನಲ್ಲಿ ಬರೆದ ಗರಿಷ್ಠ ಆಂಪಿಯರ್ ಮೀರದಿದ್ದರಾಯಿತು. ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ: ಡಿಸ್‌ಕನೆಕ್ಟ್ ಎಳೆದ ಮೇಲೂ ಯಂತ್ರದೊಳಗಿನ ಕೆಪಾಸಿಟರ್‌ನಲ್ಲಿ, ಅಂದರೆ ವಿದ್ಯುತ್ ಹಿಡಿದಿಡುವ ಭಾಗದಲ್ಲಿ, ಚಾರ್ಜ್ ಇರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಇಟ್ಟು ನೋಡಿಯೇ ಮುಟ್ಟಿ.