'ದಿ ಫಿಫ್ತ್ ವೇವ್' ಓದಿ ಮುಗಿಸಿದ ಮಗಳಿಗೆ ಮುಂದೆ ಯಾವ ಪುಸ್ತಕ ಕೊಡಿಸಲಿ?

ಮಗಳು ಹತ್ತನೇ ಕ್ಲಾಸು, ರಿಕ್ ಯಾನ್ಸಿಯ 'ದಿ ಫಿಫ್ತ್ ವೇವ್' ಓದಿ ಮುಗಿಸಿದ್ದಾಳೆ, ಏಲಿಯನ್‌ಗಳು ಬಂದು ಮನುಷ್ಯರು ಜೀವ ಉಳಿಸಿಕೊಳ್ಳೋ ಇಂಥ ಕತೆ ಇನ್ನೇನಿದೆ, ಕನ್ನಡದಲ್ಲೂ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳೋನು. ಮನೆಯ ಕಪಾಟಿನಲ್ಲಿ ಈ ಜಾತಿಯ ಪುಸ್ತಕಗಳೇ ಜಾಸ್ತಿ. ಹುಡುಗರು ಎರವಲು ಒಯ್ತಾರೆ, ಕೆಲವು ವಾಪಸ್ಸೂ ಬರ್ತವೆ.

ಒಂದೇ ಹೆಸರು ಹೇಳಿ ಅಂದರೆ ಜಾನ್ ಕ್ರಿಸ್ಟೋಫರ್ ಬರೆದ 'ಟ್ರೈಪಾಡ್ಸ್' ಸರಣಿ ಅಂತೀನಿ. 'ದಿ ವೈಟ್ ಮೌಂಟನ್ಸ್', 'ದಿ ಸಿಟಿ ಆಫ್ ಗೋಲ್ಡ್ ಅಂಡ್ ಲೆಡ್' ಎರಡೂ 1967ರವು, 'ದಿ ಪೂಲ್ ಆಫ್ ಫೈರ್' 1968ರದ್ದು. ಮೂರೂ ಸಣ್ಣ ಪುಸ್ತಕಗಳು, ಭಾಷೆ ಸರಳ. ಇಲ್ಲಿ ಯುದ್ಧ ಯಾವತ್ತೋ ಮುಗಿದಿದೆ, ನಾವು ಸೋತಾಗಿದೆ. ದೊಡ್ಡ ಊರುಗಳೆಲ್ಲ ಪಾಳು ಬಿದ್ದು ಜನ ಮತ್ತೆ ಹಳೇ ಕಾಲದ ಹಳ್ಳಿ ಬದುಕಿಗೆ ಮರಳಿದ್ದಾರೆ, ಏಲಿಯನ್‌ಗಳ ಮೂರು ಕಾಲಿನ ಯಂತ್ರಗಳು, ಅಂದರೆ ಟ್ರೈಪಾಡ್‌ಗಳು, ಆಗೀಗ ಹೊಲ ದಾಟಿ ಹೋಗ್ತವೆ. ಹದಿನಾಲ್ಕು ವರ್ಷ ತುಂಬಿದ ಪ್ರತಿ ಮಗುವಿನ ತಲೆಗೂ ಲೋಹದ ಬಲೆಯಂಥ ಟೋಪಿ ಕೂರಿಸ್ತಾರೆ. ಆಮೇಲೆ ಎದುರು ಮಾತಾಡಬೇಕು ಅಂತ ಅನ್ನಿಸೋದೇ ಇಲ್ಲ. ನನಗೆ ಭಯ ಹುಟ್ಟಿಸಿದ್ದು ಯಂತ್ರಗಳಲ್ಲ. ಟೋಪಿ ಹಾಕೋ ದಿನ ಊರಿಗೇ ಹಬ್ಬ, ಮನೆಯಲ್ಲಿ ಊಟ, ಅಪ್ಪ ಅಮ್ಮಂದಿರ ಮುಖದಲ್ಲಿ ಸಂತೋಷ! ವಿಲ್ ಅನ್ನೋ ಹುಡುಗ ತನ್ನ ಸರದಿ ಬರೋ ಮೊದಲೇ ಮನೆ ಬಿಟ್ಟು ಓಡ್ತಾನೆ. ಎರಡನೇ ಭಾಗದಲ್ಲಿ ಅವನು ಏಲಿಯನ್‌ಗಳ ನಗರದೊಳಗೇ ಆಳಾಗಿ ಸೇರ್ತಾನೆ. ಅಲ್ಲಿ ಗುರುತ್ವ ಜಾಸ್ತಿ, ಸೆಕೆ ಜಾಸ್ತಿ, ಮುಖವಾಡ ಇಲ್ಲದೆ ಉಸಿರಾಡೋ ಹಾಗಿಲ್ಲ. ಹೊಡೆತ ಬಡಿತ ಯಾವುದೂ ಬೇಡ, ಸುಮ್ಮನೆ ನಡೆದಾಡಿದರೇ ದೇಹ ಸವೀತದೆ. ಗುರುತ್ವದ ಪಾಠ ಮಾಡುವಾಗ ನಾನು ಆ ಪುಟಗಳನ್ನೇ ಓದಿ ಹೇಳೋದು.

ಒಂದು ಕೊರತೆ ಮೊದಲೇ ತಿಳಿದಿರಲಿ. ಈ ಸರಣಿಯಲ್ಲಿ ಹುಡುಗಿಯರಿಗೆ ಕೆಲಸವೇ ಇಲ್ಲ. 'ಫಿಫ್ತ್ ವೇವ್'ನ ನಾಯಕಿ ಕ್ಯಾಸಿಯನ್ನ ಮೆಚ್ಚಿದ ಮಗಳು ಇದನ್ನ ಎತ್ತಿ ಜಗಳಕ್ಕೆ ಬಂದರೆ ಅವಳ ಪರವಾಗೇ ಮಾತಾಡಿ.

ಹಾಗಂತ 'ಫಿಫ್ತ್ ವೇವ್' ಕಡಿಮೆ ಪುಸ್ತಕ ಅಲ್ಲ. ಅದರಲ್ಲಿ ಏಲಿಯನ್‌ಗಳ ದಾಳಿ ಅಲೆ ಅಲೆಯಾಗಿ ಬರುತ್ತೆ, ಗಟ್ಟಿ ಭಾಗ ಮೊದಲ ಮೂರು ಅಲೆಗಳು. ನಮ್ಮ ಟ್ಯೂಷನ್ ಹುಡುಗರು ಒಂದು ಸಂಜೆ ಅವನ್ನ ಮೈಸೂರು–ಮಂಡ್ಯಕ್ಕೆ ಹಚ್ಚಿ ನೋಡ್ತಾ ಕೂತರು, ನಾನು ಬೋರ್ಡ್ ಒರೆಸೋದೂ ಬಿಟ್ಟು ಕೇಳ್ತಾ ನಿಂತೆ. ಮೊದಲನೇ ಅಲೆ ವಿದ್ಯುತ್ಕಾಂತೀಯ ಹೊಡೆತ: ಕರೆಂಟು, ಫೋನು, ಗಾಡಿ ಎಲ್ಲಾ ಒಮ್ಮೆಗೇ ಸತ್ತು ಹೋಗ್ತವೆ. ಇದು ಪೂರ್ತಿ ಕಟ್ಟುಕತೆ ಏನಲ್ಲ. 1962ರಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದ ಮೇಲೆ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ 'ಸ್ಟಾರ್‌ಫಿಶ್ ಪ್ರೈಮ್' ಅನ್ನೋ ಅಣುಬಾಂಬ್ ಪರೀಕ್ಷೆ ಮಾಡಿದಾಗ, ಸಾವಿರ ಕಿಲೋಮೀಟರಿಗೂ ಆಚೆ ಇದ್ದ ಹವಾಯಿಯಲ್ಲಿ ಬೀದಿ ದೀಪಗಳು ಆರಿದ್ದವು. ಸರಿ, ಮೈಸೂರಿನ ಗತಿ? ಹೊಂಗಳ್ಳಿ, ಮೇಳಾಪುರದಿಂದ ಕಾವೇರಿ ನೀರು ಪಂಪ್ ಆಗಿಯೇ ಮೇಲೆ ಬರಬೇಕು, ಕರೆಂಟ್ ಹೋದರೆ ನಲ್ಲಿ ಒಣಗಿತು ಅಂತಲೇ ಲೆಕ್ಕ. ಪಾಂಡವಪುರ ಕಡೆಯ ಹುಡುಗ ಎದೆ ಉಬ್ಬಿಸಿದ: ನಮಗೇನ್ ಸಾ, ವಿಶ್ವೇಶ್ವರಯ್ಯ ನಾಲೆ ಇಳಿಜಾರಲ್ಲಿ ತಾನಾಗೇ ಹರೀತದೆ, ಪಂಪೂ ಬೇಡ ಗಿಂಪೂ ಬೇಡ. ಮಳವಳ್ಳಿಯ ಹುಡುಗಿ ಬಿಡಲಿಲ್ಲ. 'ತೂಬು ಎತ್ತೋರು ಯಾರ್ಲಾ? ಈಗ್ಲೇ ನಾಲೆ ಕೊನೇಲಿರೋ ನಮ್ ಕಡೆಗೆ ನೀರು ಬರಕ್ಕೆ ಹರಸಾಹಸ, ಆವತ್ತು ನೀವು ಬಿಟ್ಬುಡ್ತೀರಾ?' ಅಂದಳು. ಏಲಿಯನ್ನು ಇನ್ನೂ ಇಳಿದೇ ಇಲ್ಲ, ಇಲ್ಲಾಗಲೇ ನೀರಿನ ಜಗಳ ಶುರು.

ಎರಡನೇ ಅಲೆ ಸುನಾಮಿ. ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲಿದೆ, ನೀರು ನಮ್ಮನ್ನ ಮುಟ್ಟಲ್ಲ. ಆದರೆ ಕರಾವಳಿಯಿಂದ ಉಳಿದು ಬಂದವರು ಘಾಟಿ ಹತ್ತಿ ಈ ಕಡೆಗೇ ಬರಬೇಕಲ್ಲ, ಅವರಿಗೆ ಅಕ್ಕಿ ಎಲ್ಲಿಂದ ತರೋದು?

ಮೂರನೇದು ಹಕ್ಕಿಗಳಿಂದ ಹರಡೋ ರೋಗ. ನಾವಿರೋ ಜಾಗ ನೋಡಿ: ಈ ಕಡೆ ರಂಗನತಿಟ್ಟು, ಆ ಕಡೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಕೊಕ್ಕರೆಬೆಳ್ಳೂರಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ತವೆ. ಹಿಕ್ಕೆ ಅಂಗಳಕ್ಕೇ ಬೀಳುತ್ತೆ, ಅದನ್ನೇ ಗೊಬ್ಬರಕ್ಕೆ ಬಳಸ್ತಾರೆ. ತವರಿಗೆ ಬಂದ ಮಗಳ ಹಾಗೆ ನೋಡಿಕೊಳ್ಳೋ ಆ ಹಕ್ಕಿಗಳನ್ನ ಊರಿನವರು ಕೊಲ್ತಾರಾ, ಓಡಿಸ್ತಾರಾ, ಇಲ್ಲಾ ತಾವೇ ಊರು ಬಿಡ್ತಾರಾ? ಇದನ್ನ ಕೇಳಿದವನು ಮದ್ದೂರಿನ ಹುಡುಗ. ಆವತ್ತು ಯಾರ ಉತ್ತರವೂ ಇನ್ನೊಬ್ಬರಿಗೆ ಒಪ್ಪಿಗೆ ಆಗಲಿಲ್ಲ, ಮನೆಯಿಂದ ಫೋನ್ ಬರೋ ತನಕ ಕಿತ್ತಾಡಿದರು. ಈ ಬಗೆಯ ಪುಸ್ತಕ ಎಷ್ಟು ಗಟ್ಟಿ ಅಂತ ನೋಡೋಕೆ ನನ್ನ ಹತ್ತಿರ ಇರೋ ಪರೀಕ್ಷೆ ಇಷ್ಟೇ. ಕತೆಯನ್ನ ನಮ್ಮೂರಿಗೆ ತಂದಿಟ್ಟಾಗ ಹೊಸ ಪ್ರಶ್ನೆ ಏಳಬೇಕು. ಬರೀ ಲೇಸರ್ ಗನ್ ಹಾರಿಸೋ ಕತೆಯಾದರೆ ಲಂಡನ್ ಆದರೇನು, ನಾಗಮಂಗಲ ಆದರೇನು, ಏನೂ ವ್ಯತ್ಯಾಸ ಆಗಲ್ಲ.

ನಾಲ್ಕನೇ ಅಲೆಯಿಂದ, ಅಂದರೆ ಮನುಷ್ಯರ ನಡುವೆಯೇ ಶತ್ರು ಇದ್ದಾನೆ ಅನ್ನೋ ಕಡೆಯಿಂದ, ಪುಸ್ತಕ ಪ್ರೇಮಕತೆಯತ್ತ ವಾಲುತ್ತೆ. ನನಗೆ ಅಲ್ಲಿಂದಾಚೆ ಸಪ್ಪೆ. ನನ್ನ ವಿದ್ಯಾರ್ಥಿನಿಯರಿಗೆ ಅದೇ ಇಷ್ಟ, ಹಾಗಾಗಿ ನನ್ನ ಮಾತನ್ನ ನಂಬಲೇಬೇಕು ಅಂತೇನಿಲ್ಲ. ಮುಂದಿನ ಎರಡು ಭಾಗ 'ದಿ ಇನ್ಫಿನಿಟ್ ಸೀ', 'ದಿ ಲಾಸ್ಟ್ ಸ್ಟಾರ್'. 2016ರ ಸಿನಿಮಾ ನೋಡದಿದ್ದರೂ ನಷ್ಟ ಇಲ್ಲ.

ನಮ್ಮ ನಡುವೆಯೇ ಶತ್ರು ಅನ್ನೋದನ್ನ ಚೆನ್ನಾಗಿ ಮಾಡಿದ್ದು ಕೆ. ಎ. ಆಪಲ್‌ಗೇಟ್ ಅವರ 'ಅನಿಮಾರ್ಫ್ಸ್'. ಗೊಂಡೆಹುಳದಂಥ ಒಂದು ಜೀವಿ ಕಿವಿಯೊಳಗೆ ನುಗ್ಗಿ ಮಿದುಳನ್ನ ಹಿಡಿಯುತ್ತೆ, ಹೊರಗಿಂದ ನೋಡಿದರೆ ಮನುಷ್ಯ ಮೊದಲಿನ ಹಾಗೇ ನಗ್ತಾ ಮಾತಾಡ್ತಾ ಇರ್ತಾನೆ. ಮಕ್ಕಳ ಸ್ಕೂಲಿನ ವೈಸ್ ಪ್ರಿನ್ಸಿಪಾಲೇ ಅಂಥವನು! 1996ರಿಂದ 2001ರವರೆಗೆ ಮುಖ್ಯ ಸರಣಿಯಲ್ಲೇ 54 ಪುಸ್ತಕ ಬಂದವು, ಎಲ್ಲಾ ಹುಡುಕೋದು ಕಷ್ಟ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ ಹೋದಾಗ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಣ್ಣಾಡಿಸಿ. ಮೊದಲ ಕೆಲವು ಕತೆಗಳು ಈಗ ಗ್ರಾಫಿಕ್ ಕಾದಂಬರಿಗಳಾಗಿಯೂ ಬಂದಿವೆ.

ಪ್ಯಾಟ್ರಿಕ್ ನೆಸ್‌ನ 'ದಿ ನೈಫ್ ಆಫ್ ನೆವರ್ ಲೆಟಿಂಗ್ ಗೋ' (2008) ಕೊಡೋಕೆ ಒಂದು ವರ್ಷ ಕಾಯಬಹುದು, ಹಿಂಸೆ ಜಾಸ್ತಿ. ಅಲ್ಲಿ ಬೇರೆಯವರ ಗ್ರಹಕ್ಕೆ ಹೋಗಿ ಕೂತವರು ನಾವೇ. ಎಲ್ಲಾ ಗಂಡಸರ ಮನಸ್ಸಿನ ಮಾತು ಹೊರಗೆ ಕೇಳುತ್ತೆ, ಹೆಂಗಸರದ್ದು ಕೇಳಲ್ಲ. ಓಡ್ತಾ ಓಡ್ತಾ ಬದುಕೋ ಕತೆ, ಜೊತೆಗೆ ವಯೋಲಾ ಅನ್ನೋ ಗಟ್ಟಿಗಿತ್ತಿ ಹುಡುಗಿ. ಆರ್ಸನ್ ಸ್ಕಾಟ್ ಕಾರ್ಡ್‌ನ 'ಎಂಡರ್ಸ್ ಗೇಮ್' ಹೆಸರು ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದರೆ ಪಿಯುಸಿ ಸೇರಿದ ಮೇಲೆ.

ಇವೆಲ್ಲಕ್ಕೂ ಅಜ್ಜ ಎಚ್. ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್', 1898ರ ಪುಸ್ತಕ. ಮಂಗಳ ಗ್ರಹದವರನ್ನ ಕೊನೆಗೆ ಸೋಲಿಸೋದು ನಮ್ಮ ತೋಪಲ್ಲ, ಬ್ಯಾಕ್ಟೀರಿಯಾ. ಅದೇ 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗ್ ಬಂತು, ಅದೂ ಬ್ಯಾಕ್ಟೀರಿಯಾದ್ದೇ, ಆದರೆ ಇಲ್ಲಿ ಬಿದ್ದವರು ಮನುಷ್ಯರು. ಇಲಿ ಬಿತ್ತು ಅಂದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇದ್ದರು ಅಂತ ನಮ್ಮ ಕಡೆ ಹಿರಿಯರ ಬಾಯಲ್ಲಿ ಈಗಲೂ ಬರುತ್ತೆ. ಪ್ಲೇಗಿನ ಅಮ್ಮನ ಗುಡಿಗಳು ಇಂದಿಗೂ ಇವೆ. ಊರು ಬಿಟ್ಟು ಬದುಕೋದು ಹೇಗಿರುತ್ತೆ ಅಂತ ಮಗಳಿಗೆ ತಿಳೀಬೇಕಾದರೆ ವೆಲ್ಸ್ ಓದುವಾಗ ಮನೆಯ ಹಿರಿಯರ ಹತ್ತಿರ ಇದನ್ನೂ ಕೇಳಿಸಿ. ಇಂಗ್ಲಿಷು ಹಳೇದು, ಮೊದಲ ಅಧ್ಯಾಯ ನೀವೂ ಜೊತೆಗೆ ಕೂತು ಓದಿದರೆ ಸಲೀಸು.

ಕನ್ನಡದ್ದು ಕೇಳಿದ್ದೀರಿ. ಈ ವಯಸ್ಸಿನವರಿಗೇ ಅಂತ ಬರೆದ ಏಲಿಯನ್ ಕಾದಂಬರಿ ನಮ್ಮಲ್ಲಿ ಬಲು ವಿರಳ. ವೈಜ್ಞಾನಿಕ ಕತೆ, ಕಾದಂಬರಿಗೆ ರಾಜಶೇಖರ ಭೂಸನೂರಮಠರ ಹೆಸರು ಹಿಡಿದು ಲೈಬ್ರರಿಯಲ್ಲಿ ಹುಡುಕಿ. ಏಲಿಯನ್ ಇಲ್ಲದಿದ್ದರೂ ಪರವಾಗಿಲ್ಲ, ಜೀವ ಉಳಿಸಿಕೊಳ್ಳೋ ಕತೆಯೇ ಮುಖ್ಯ ಅಂದರೆ ತೇಜಸ್ವಿಯವರ 'ಮಹಾಪಲಾಯನ' ಕಣ್ಮುಚ್ಚಿ ಕೊಡಿಸಿ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಇಂಡಿಯಾದವರೆಗೆ ನಡೆದು ಬಂದವರ ಕತೆ, ಸ್ಲಾವೋಮಿರ್ ರಾವಿಚ್‌ನ ಪುಸ್ತಕದ ಕನ್ನಡ ರೂಪ. ಮೂಲ ನಿಜವಾಗಿ ನಡೆದದ್ದೋ ಅಲ್ಲವೋ ಅಂತ ಆಮೇಲೆ ದೊಡ್ಡ ತಕರಾರಾಯಿತು, ಓದೋವಾಗ ಅದು ನೆನಪಿಗೂ ಬರಲ್ಲ.

'ಟ್ರೈಪಾಡ್ಸ್' ತರಿಸುವಾಗ ಒಂದು ಎಚ್ಚರ. 1988ರಲ್ಲಿ ಅದಕ್ಕೆ 'ವೆನ್ ದಿ ಟ್ರೈಪಾಡ್ಸ್ ಕೇಮ್' ಅಂತ ಹಿಂದಿನ ಕತೆಯೊಂದು ಬಂತು, ಸೆಟ್ಟಿನಲ್ಲಿ ಅದನ್ನೇ ಮೊದಲು ಇಟ್ಟಿರಬಹುದು. ಅದನ್ನ ಕೊನೆಗೆ ಕೊಡಿ. ಆ ಟ್ರೈಪಾಡ್‌ಗಳು ಹೇಗೆ ಗೆದ್ದವು ಅಂತ ಮೊದಲೇ ಗೊತ್ತಾಗಿಬಿಟ್ಟರೆ 'ವೈಟ್ ಮೌಂಟನ್ಸ್'ನ ಅರ್ಧ ಮಜಾ ಹೋಗುತ್ತೆ.