ಹಂಪಿ ಪ್ರವಾಸಕ್ಕೆ ಯಾವ ವೈಡ್ ಲೆನ್ಸ್ ಕೊಳ್ಳಲಿ?

ಯಾವುದೂ ಬೇಡ. ಬೆಟ್ಟ-ಬಯಲು ಅಂದರೆ ವೈಡ್ ಲೆನ್ಸೇ ಬೇಕು ಅಂತ ನಿಮಗೆ ಯಾರು ಹೇಳಿದರೋ, ನನಗಂತೂ ಯೂಟ್ಯೂಬ್ ಹೇಳಿತ್ತು.

ಕಂತಿನ ಮೇಲೆ 10-20 ಎಂಎಂ ವೈಡ್ ಲೆನ್ಸ್ ತಗೊಂಡೆ, ಎದುರಿಗಿರೋದನ್ನೆಲ್ಲ ಅಗಲಕ್ಕೆ ಹಿಡಿಯೋದು. ಬ್ಯಾಗ್ ಭಾರ ಆಗುತ್ತದೆ ಅಂತ ದೂರದ್ದನ್ನು ಹತ್ತಿರ ತೋರಿಸುವ ಹಳೆಯ 55-250 ಲೆನ್ಸನ್ನು ಬಸವನಗುಡಿ ಮನೆಯ ಬೀರುವಿನಲ್ಲೇ ಬಿಟ್ಟು, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ತಪ್ಪು ಆಗಿದ್ದು ಅಲ್ಲೇ, ಬೀರುವಿನ ಮುಂದೆ.

ಹಂಪಿ ತಲುಪಿದ ಮರುದಿನ ಕತ್ತಲಲ್ಲೇ ಮೊಬೈಲ್ ಟಾರ್ಚ್ ಹಿಡಿದು ಮಾತಂಗ ಬೆಟ್ಟ ಹತ್ತಿದೆ. ಸೂರ್ಯ ಬಂದ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ಉದ್ದಕ್ಕೆ ಕಲ್ಲುಕಂಬದ ಬೀದಿ, ಬಾಳೆ ತೋಟ, ಆಚೆ ತುಂಗಭದ್ರೆ. ಕ್ಲಿಕ್, ಕ್ಲಿಕ್, ಕ್ಲಿಕ್. ಫ್ಲಾಸ್ಕಲ್ಲಿ ಚಹಾ ಮಾರುತ್ತಿದ್ದ ಹುಡುಗ ನನ್ನ ಕ್ಯಾಮೆರಾ ಪರದೆ ಇಣುಕಿ ನೋಡಿ ಕೇಳಿದ: "ಅಣ್ಣಾ, ಇದ್ರಾಗ ಗುಡಿ ಎಲ್ಲೈತಿ?"

ಗುಡಿ ಇತ್ತು, ಕಡಲೇಬೀಜದಷ್ಟು. ಅರ್ಧ ಫೋಟೋ ಖಾಲಿ ಆಕಾಶ, ಕೆಳಗೆ ನಾನು ಕೂತಿದ್ದ ಬಂಡೆ.

ನಮ್ಮ ಕಣ್ಣು ಗುಡಿಯನ್ನು ನೋಡುವಾಗ ಆಕಾಶವನ್ನು ಮರೆಯುತ್ತದೆ. 10 ಎಂಎಂ, ಅಂದರೆ ಆ ಲೆನ್ಸಿನ ಅತಿ ಅಗಲದ ನೋಟ, ಏನನ್ನೂ ಮರೆಯೋದಿಲ್ಲ. ಹತ್ತಿರದ್ದನ್ನು ಉಬ್ಬಿಸುತ್ತದೆ, ದೂರದ್ದನ್ನು ಕುಗ್ಗಿಸುತ್ತದೆ. ಎರಡಡಿ ದೂರದಲ್ಲಿ ಒಂದು ಹುಲ್ಲಿನ ಗೊಂಚಲೋ, ನೀರು ನಿಂತ ಕಲ್ಲುಕುಳಿಯೋ ಇದ್ದರೆ ಅದಕ್ಕೆ ಕೆಲಸ. ಬೆಟ್ಟದ ತುದಿಯಲ್ಲಿ ನನಗೆ ಬೇಕಾದದ್ದೆಲ್ಲ ದೂರದಲ್ಲೇ ಇತ್ತು. ಆ ಹಳೆ ಲೆನ್ಸ್ ಇದ್ದಿದ್ದರೆ ಬಂಡೆಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಸಿಗುತ್ತಿದ್ದವು.

ಕ್ರಾಪ್ ಮಾಡಬಹುದಿತ್ತಲ್ವಾ ಅಂತೀರಾ? ಮಾಡಿದೆ. 10 ಎಂಎಂ ಫೋಟೋವನ್ನು ಹಳೆ ಲೆನ್ಸಿನ 100 ಎಂಎಂ ನೋಟದಷ್ಟಕ್ಕೆ ಕತ್ತರಿಸಿದರೆ ಉಳಿಯೋದು ನೂರರಲ್ಲಿ ಒಂದು ಪಾಲು. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಕೈಗೆ ಬಂದದ್ದು ಕಾಲು ಮೆಗಾಪಿಕ್ಸೆಲ್ಲೂ ಇಲ್ಲ. ವಾಟ್ಸಾಪ್ ಡಿಪಿಗೆ ಸಾಕು.

ಹೋಗೋ ಮೊದಲು ಒಂದು ಸಂಜೆ ಲಾಲ್‌ಬಾಗ್ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು, ಅದರ ಮೇಲೆ ಕೆಂಪೇಗೌಡ ಗೋಪುರ. ದೂರದಲ್ಲಿ ನಿಂತು ಮೊಬೈಲಲ್ಲೇ ಅದನ್ನು 0.5 ಜೂಮಲ್ಲಿ ಒಂದು, 3 ಜೂಮಲ್ಲಿ ಒಂದು ತೆಗೆಯಿರಿ. ನಿಮಗೆ ಯಾವುದು ಇಷ್ಟ ಅಂತ ಅಲ್ಲೇ ಗೊತ್ತಾಗುತ್ತದೆ. ಆದರೂ ವೈಡೇ ಬೇಕು ಅನಿಸಿದರೆ ಬೆಂಗಳೂರಲ್ಲಿ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ಲೆನ್ಸ್ ಕೊಳ್ಳೋ ದುಡ್ಡಲ್ಲಿ ಹಂಪಿಯಲ್ಲಿ ಇನ್ನೂ ಎರಡು ರಾತ್ರಿ ಇರಿ. ಮೊದಲ ಬೆಳಿಗ್ಗೆ ಮೋಡ ಕವಿದರೆ ಎರಡನೆಯದು ಇರುತ್ತದೆ. ಸಂಜೆ ಅಲ್ಲೇ ಇರುವ ಹೇಮಕೂಟ ಬೆಟ್ಟಕ್ಕೆ ಹೋಗಿ, ಹತ್ತೋಕೂ ಸುಲಭ.

ನನ್ನ 10-20 ಈಗ ನೆಂಟರ ಗೃಹಪ್ರವೇಶಗಳಿಗೆ ಹೋಗುತ್ತದೆ. ಅದರಲ್ಲಿ ಅತ್ತಿಗೆಯ ಪುಟ್ಟ ಅಡುಗೆಮನೆ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ, ಅವರಿಗೆ ತುಂಬಾ ಖುಷಿ.