ಪ್ರೋಟೀನ್ ಮೈಗೆ ಹತ್ತುತ್ತಿಲ್ಲ ಅಂತ ಕೇಳಿದವರಿಗೆ

ಬ್ರೋ, ಪ್ರೋಟೀನ್ ಅರಗಲಿ ಅಂತ ಅಂಗಡಿಯವರು ಹೇಳಿದ ಎನ್‌ಜೈಮ್ ಕ್ಯಾಪ್ಸುಲ್‌ಗೆ ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ನಿಮ್ಮ ತೂಕ 70 ಕೆಜಿ, ಜಿಮ್ ಮುಗಿಸಿ ಅರ್ಧ ಲೀಟರ್ ಹಾಲಿಗೆ ಎರಡು ಸ್ಕೂಪ್ ವೇ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), ಅದರಲ್ಲೇ 10 ಗ್ರಾಂ ಕ್ರಿಯಾಟಿನ್ (ಸ್ನಾಯುವಿನ ಬಲಕ್ಕೆ ತಗೊಳ್ಳುವ ಪುಡಿ) ಹಾಕಿ ಕುಡಿಯುತ್ತೀರಿ, ಆಮೇಲೆ ಹೊಟ್ಟೆ ಉಬ್ಬರ, ಗ್ಯಾಸ್, ಕೆಲವು ದಿನ ಭೇದಿ ಅಂತ ಬರೆದಿದ್ದೀರಿ. ಇದರಲ್ಲಿ ಪ್ರೋಟೀನ್ ಹತ್ತದೇ ಇರುವ ಲಕ್ಷಣ ನನಗೆ ಕಾಣುತ್ತಿಲ್ಲ.

ಮೊದಲ ಅನುಮಾನ ಹಾಲಿನ ಮೇಲೆ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 24 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಅದು ಹಾಲಿನ ಸಕ್ಕರೆ. ದೊಡ್ಡವರಾದ ಮೇಲೆ ಅದನ್ನು ಅರಗಿಸುವ ಶಕ್ತಿ ನಮ್ಮ ಕಡೆ ತುಂಬಾ ಜನಕ್ಕೆ ಕಡಿಮೆಯಾಗುತ್ತದೆ, ಅರಗದೆ ಉಳಿದದ್ದು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಮೊಸರು ತಿಂದರೆ ಏನೂ ಆಗಲ್ಲ ಅಂತ ನೀವೇ ಬರೆದಿದ್ದೀರಿ ಅಲ್ವಾ, ಅದೂ ಇದಕ್ಕೇ ಹೊಂದುತ್ತದೆ, ಮೊಸರಾಗುವಾಗಲೇ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗಿರುತ್ತದೆ. ಒಂದು ವಾರ ಹಾಲು ಬಿಟ್ಟು ನೀರಿನಲ್ಲಿ ಒಂದೇ ಸ್ಕೂಪ್ ಕುಡಿದು ನೋಡಿ. ಆಗಲೂ ಸ್ವಲ್ಪ ಉಬ್ಬರ ಇದ್ದರೆ ಡಬ್ಬ ಖಾಲಿಯಾದ ಮೇಲೆ ಕಾನ್ಸಂಟ್ರೇಟ್ ಅನ್ನೋ ಸಾದಾ ವೇ ಬದಲು ಐಸೊಲೇಟ್ ಅನ್ನೋ ಇನ್ನೂ ಶುದ್ಧ ಮಾಡಿದ ವೇ ತಗೊಳ್ಳಿ, ಅದರಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ. ಹಾಲು ಬೇಕೇ ಬೇಕು ಅಂದರೆ ಕೆಲಸಕ್ಕೆ ಬರುವುದು ಲ್ಯಾಕ್ಟೇಸ್, ಅಂದರೆ ಲ್ಯಾಕ್ಟೋಸ್ ಅರಗಿಸುವ ಎನ್‌ಜೈಮ್, ಇರುವ ಮಾತ್ರೆ. ಪ್ರೋಟೀನ್ ಅರಗಿಸುವ ಎನ್‌ಜೈಮ್ ಮಾತ್ರ ಇರುವ ಕ್ಯಾಪ್ಸುಲ್ ಹಾಲಿನ ಸಕ್ಕರೆಗೆ ಏನೂ ಮಾಡಲ್ಲ.

ಇನ್ನು ಕ್ರಿಯಾಟಿನ್. 10 ಗ್ರಾಂ ಒಟ್ಟಿಗೆ ಜಾಸ್ತಿ ಆಯಿತು, ಭೇದಿಗೆ ಅದೂ ಕಾರಣ ಇರಬಹುದು. ದಿನಕ್ಕೆ 3ರಿಂದ 5 ಗ್ರಾಂ ಸಾಕು. 3 ಗ್ರಾಂ ತಗೊಂಡರೂ ಸುಮಾರು ನಾಲ್ಕು ವಾರದಲ್ಲಿ ಸ್ನಾಯುವಿನಲ್ಲಿ ಕ್ರಿಯಾಟಿನ್ ತುಂಬಿಕೊಳ್ಳುತ್ತದೆ. ಎಚ್‌ಸಿಎಲ್ ಅನ್ನೋ ಇನ್ನೊಂದು ಬಗೆಯ ಕ್ರಿಯಾಟಿನ್ ನೀರಿನಲ್ಲಿ ಬೇಗ ಕರಗುತ್ತದೆ, ನಿಜ. ಆದರೆ ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟ್ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ, ಇನ್ನು ಅಲ್ಲಿ ಹೆಚ್ಚಿಸುವುದಕ್ಕೆ ಏನು ಉಳಿದಿದೆ ಹೇಳಿ? ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕಲಸಿ ತಕ್ಷಣ ಕುಡಿಯಿರಿ. ಊಟದ ಜೊತೆ ತಗೊಂಡರೆ ಅನ್ನ, ಮುದ್ದೆಯಿಂದ ಏರುವ ಇನ್ಸುಲಿನ್ ಅದನ್ನು ಸ್ನಾಯುವಿಗೆ ಸೇರಿಸಲು ಸ್ವಲ್ಪ ನೆರವಾಗುತ್ತದೆ, ಅದಕ್ಕಂತ ಬೇರೆ ಸಕ್ಕರೆ ಸುರಿಯಬೇಕಾಗಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಡಾಕ್ಟರಿಗೆ ಕ್ರಿಯಾಟಿನ್ ವಿಷಯ ಹೇಳಿ, ಕಿಡ್ನಿ ಹೇಗಿದೆ ಅಂತ ನೋಡಲು ಅಳೆಯುವ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಮೇಲೆ ಬರಬಹುದು. ಕಿಡ್ನಿ ತೊಂದರೆ ಇರುವವರು ಕೇಳದೆ ಮುಟ್ಟಲೇಬೇಡಿ.

ಮೇಲೆ ಒಬ್ಬರು ಹಸಿ ಮೊಟ್ಟೆ ಕುಡಿಯಿರಿ ಅಂದಿದ್ದಾರೆ. ನಿಜವಾಗಿ ಮೈಗೆ ಹತ್ತದೇ ಇರುವುದು ಅದೇ! ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ಪ್ರಕಟಿಸಿದ್ದಾರೆ: ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇ. 90ರಷ್ಟು ಅರಗಿದರೆ ಹಸಿ ಮೊಟ್ಟೆಯದು ಶೇ. 50ರಷ್ಟು ಮಾತ್ರ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ಕಾಳೂ ಅಷ್ಟೇ, ರಾತ್ರಿ ನೆನೆಸಿ, ಮೊಳಕೆ ಬರಿಸಿ, ಬೇಯಿಸಿ ತಿನ್ನಿ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗುವುದನ್ನು ತಡೆಯುವ ಅಂಶಗಳಿವೆ, ಬೆಂದರೆ ಅವು ಬಹಳ ಮಟ್ಟಿಗೆ ಹೋಗುತ್ತವೆ.

ದಿನದ ಲೆಕ್ಕ ಕೆಜಿಗೆ 1.6 ಗ್ರಾಂ ಹಿಡಿದರೆ ನಿಮಗೆ 112 ಗ್ರಾಂ ಪ್ರೋಟೀನ್. ಒಂದು ಸ್ಕೂಪ್‌ನಿಂದ 24 ಬಂದರೂ ಉಳಿದದ್ದು ತಟ್ಟೆಯಿಂದಲೇ ಬರಬೇಕು, 50 ಗ್ರಾಂ ಒಣ ಸೋಯಾ ಚಂಕ್ಸ್ ಅಂದರೆ ಸುಮಾರು 25, ಜೊತೆಗೆ ಮೊಟ್ಟೆ, ಮೊಸರು, ಬೇಳೆ. ನಿಮ್ಮ ಬೆಳಿಗ್ಗೆ ತಿಂಡಿ ಬರೀ ಚಿತ್ರಾನ್ನ ಅಂದಿರಿ, ಅದನ್ನು ಮೊದಲು ಸರಿ ಮಾಡಿ.

ಹಾಲು ಬಿಟ್ಟು ಒಂದು ವಾರ ಆದಮೇಲೆ ಹೊಟ್ಟೆ ಹೇಗಿದೆ ಅಂತ ಇಲ್ಲೇ ತಿಳಿಸಿ, ಡಬ್ಬದ ಹಿಂದಿನ ಲೇಬಲ್ ಫೋಟೊ ಕೂಡ ಹಾಕಿ. ಹಾಲು ಬಿಟ್ಟರೂ ಭೇದಿ ನಿಲ್ಲದಿದ್ದರೆ, ಅಥವಾ ಸುಮ್ನೆ ತೂಕ ಇಳಿಯುತ್ತಿದ್ದರೆ ನಮ್ಮನ್ನು ಕೇಳುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.